ಹರಕು ಪ್ಯಾಂಟು, ನಿರ್ವಾನಾ ಮತ್ತು ಕಟಿಂಗ್ ಮಾಸ್ಟರು

ಹೋದ ವಾರ ನಮ್ಮ ಯೂನಿಟ್‌ಗೆ ಹೊಸದಾಗಿ ಸೇರಿದ ಹುಡುಗ ನಿರ್ವಾನಾ ಎಂಬ ಅಮೆರಿಕದ ರಾಕ್ ಬ್ಯಾಂಡಿನ ಟೀ ಶರ್ಟ್ ಹಾಕಿಕೊಂಡು ಬಂದಿದ್ದ. ಕಪ್ಪು ಬಟ್ಟೆ, ಮೇಲೆ ಹಳದಿ ನಗುಮುಖ, ಕಣ್ಣಿನ ಜಾಗದಲ್ಲಿ ಎರಡು ಇಂಟು ಮಾರ್ಕು. ನನಗೆ ಖುಷಿಯೋ ಖುಷಿ. ಇಡೀ ಬಳ್ಳಾರಿಯಲ್ಲಿ ಈ ಹುಚ್ಚು ಇರುವವನು ನಾನೊಬ್ಬನೇ ಅಂದುಕೊಂಡಿದ್ದೆ. 'ಯಾವ ಹಾಡು ಇಷ್ಟನೋ?' ಅಂತ ಕೇಳಿದೆ.

'ಹಾಡಾ? ಇದು ಕಂಪ್ನಿ ಹೆಸ್ರಲ್ಲೇನಣ್ಣ?'

ಬೈಯೋಣ ಅಂತ ಬಾಯಿ ತೆರೆದವನು ಅವನ ಕೈಯಲ್ಲಿದ್ದ ಕೆಲಸ ನೋಡಿ ಸುಮ್ಮನಾದೆ. ಅವನು ಗ್ರೈಂಡರ್ ಹಿಡಿದು ಹೊಸ ಜೀನ್ಸ್‌ನ ಮೊಣಕಾಲು ಸವೆಸುತ್ತಿದ್ದ. ನಾವು ಇದಕ್ಕೆ ಡ್ಯಾಮೇಜ್ ಅಂತೀವಿ. ನೆಟ್ಟಗೆ ಹೊಲಿದ ಪ್ಯಾಂಟಿಗಿಂತ ಡ್ಯಾಮೇಜ್ ಮಾಡಿದ ಪ್ಯಾಂಟಿಗೆ ರೇಟು ಜಾಸ್ತಿ. 'ಹೊಸ ಬಟ್ಟಿ ಹರಿದು ಮಾರ್ತೀರಲ್ಲೋ, ಮನ್ಯಾಗ ಲಕ್ಷ್ಮಿ ನಿಲ್ತಾಳೇನೋ' ಅಂತ ನಮ್ಮವ್ವ ಇವತ್ತಿಗೂ ಬೈತಾಳೆ. ಲಕ್ಷ್ಮಿ ಬರೋದೇ ಆ ತೂತಿನಿಂದ ಅಂತ ಅವಳಿಗೆ ಹೇಗೆ ಹೇಳೋದು?

ಹರಕು ಪ್ಯಾಂಟು ನಿರ್ವಾನಾದ ಗಾಯಕ ಕರ್ಟ್ ಕೊಬೇನ್‌ನಿಂದಲೇ ಶುರುವಾಯಿತು ಅಂತಲ್ಲ. 70ರ ದಶಕದಲ್ಲೇ ಪಂಕ್ ಎಂಬ ಬಂಡಾಯ ಸಂಗೀತದವರು ಹರಿದದ್ದು ಹಾಕುತ್ತಿದ್ದರು. ಆದರೆ ಅದನ್ನು ಮನೆಮನೆಗೆ ತಲುಪಿಸಿದವರಲ್ಲಿ ಸಿಯಾಟಲ್ ಕಡೆಯ ಈ ಹುಡುಗರ ಪಾಲು ದೊಡ್ಡದು. ಅವರಿಗೆ ಅದು ಫ್ಯಾಷನ್ ಆಗಿರಲಿಲ್ಲ. ಕೈಯಲ್ಲಿ ಕಾಸಿರಲಿಲ್ಲ, ಹಳೇ ಬಟ್ಟೆ ಅಂಗಡಿಯಲ್ಲಿ ಸಿಕ್ಕಿದ್ದು ಹಾಕಿಕೊಂಡರು. ಚಳಿ ಊರು, ಅದಕ್ಕೇ ಚೌಕಳಿಯ ದಪ್ಪ ಫ್ಲಾನೆಲ್ ಶರ್ಟು. 1992ರಲ್ಲಿ ಮಾರ್ಕ್ ಜೇಕಬ್ಸ್ ಎಂಬ ಡಿಸೈನರ್ ಇದೇ ವೇಷವನ್ನು ಪೆರ್ರಿ ಎಲ್ಲಿಸ್ ಕಂಪನಿಗಾಗಿ ಫ್ಯಾಷನ್ ಶೋಗೆ ಏರಿಸಿದ. ಅವನ ಕೆಲಸವೇ ಹೋಯಿತು. ಈಗ ನೋಡಿ, ನಿರ್ವಾನಾದ ಒಂದು ಹಾಡೂ ಕೇಳದ ಬಳ್ಳಾರಿ ಹುಡುಗನಿಗೆ ಅದೇ ವೇಷ ಅನ್ನ ಹಾಕುತ್ತಿದೆ.

ಹಾಗಾದರೆ ಇದು ಸಂಗೀತದ ಪ್ರಭಾವವೋ, ಬಟ್ಟೆಯ ಪ್ರಭಾವವೋ? ನನ್ನ ಹಳೇ ಜಗಳವೆಲ್ಲ ಇಲ್ಲೇ ಇದೆ: ಆಲ್ಟರ್ನೇಟಿವ್ ರಾಕ್‌ನಲ್ಲಿ, ಅಂದರೆ ಮುಖ್ಯವಾಹಿನಿಯ ಹೊರಗೆ ಬೆಳೆದ ಗಿಟಾರ್ ಸಂಗೀತದಲ್ಲಿ, ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರಿದ ಬ್ಯಾಂಡ್ ಯಾವುದು?

ಜಗಳ ಶುರುವಾಗಿದ್ದು 2002ರಲ್ಲಿ, ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ. ನನ್ನ ರೂಮ್‌ಮೇಟ್ ಶಿಲ್ಲಾಂಗ್‌ನವನು. ಬರುವಾಗ ಒಂದು ಗಿಟಾರು, ಒಂದು ಕಟ್ಟು ಎಂಪಿತ್ರೀ ಸಿಡಿ ತಂದಿದ್ದ. ನಮ್ಮೂರಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಎಷ್ಟು ಹೇಳಿದರೂ ಕೇಳದೆ ಅದೇ ಫ್ಲಾನೆಲ್ ಶರ್ಟ್ ಹಾಕುತ್ತಿದ್ದ. ಏಪ್ರಿಲ್‌ಗೆ ಮೈತುಂಬ ಬೆವರುಸಾಲೆ. ನಾನು ಅಲ್ಲಿಯವರೆಗೆ ಸಿನಿಮಾ ಹಾಡು, ಜಾತ್ರೆ ನಾಟಕದ ರಂಗಗೀತೆ ಬಿಟ್ಟು ಬೇರೆ ಕೇಳಿದವನಲ್ಲ. ಮೂರು ತಿಂಗಳಲ್ಲಿ ಅವನು ನನ್ನನ್ನು ಕೆಡಿಸಿದ. ಅವನ ಪ್ರಕಾರ ಆಲ್ಟರ್ನೇಟಿವ್ ರಾಕ್ ಅಂದರೆ ನಿರ್ವಾನಾ, ಉಳಿದವರೆಲ್ಲ ಆಮೇಲೆ. ಇಪ್ಪತ್ತು ವರ್ಷ ದಾಟಿತು, ವಾಟ್ಸಾಪ್‌ನಲ್ಲಿ ಇವತ್ತಿಗೂ ಅದೇ ಮಾತು.

ನನ್ನ ಉತ್ತರ ಪಿಕ್ಸೀಸ್.

ಗಾರ್ಮೆಂಟ್ಸ್‌ನಲ್ಲಿ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ಯಾಂಟಿನ ಹಿಂದೆ ಕಾಣುವುದು ಲೇಬಲ್. ಆ ಪ್ಯಾಂಟು ಸೊಂಟಕ್ಕೆ ಕೂತಿದೆ ಅಂದರೆ ಕಾರಣ ಒಳಗೆಲ್ಲೋ ಕೂತು ರಟ್ಟಿನ ಮೇಲೆ ಪ್ಯಾಟರ್ನ್ ಬರೆದ ಕಟಿಂಗ್ ಮಾಸ್ಟರು. ಅದೇ ರಟ್ಟಿನಲ್ಲಿ ಹತ್ತು ಕಂಪನಿಯ ಮಾಲು ಹೊರಡುತ್ತದೆ, ಮಾಸ್ಟರ ಹೆಸರು ಯಾವ ಗಿರಾಕಿಗೂ ಗೊತ್ತಿರಲ್ಲ.

ಪಿಕ್ಸೀಸ್ 1986ರಲ್ಲಿ ಬಾಸ್ಟನ್‌ನಲ್ಲಿ ಕಟ್ಟಿದ ಬ್ಯಾಂಡ್. ಅವರು ಬರೆದ ಪ್ಯಾಟರ್ನ್ ಬಹಳ ಸರಳ. ಚರಣದಲ್ಲಿ ಬರೀ ಬೇಸ್ ಗಿಟಾರು ಮತ್ತು ಡ್ರಮ್ಸು, ಹಾಡುವವನು ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ. ಪಲ್ಲವಿ ಬಂತೋ, ಗಿಟಾರೆಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ, ಅವನು ಅರಚುತ್ತಾನೆ. ಮತ್ತೆ ಸುಮ್ನೆ. ಇದನ್ನು ಜಗತ್ತಿನಲ್ಲಿ ಇವರೇ ಮೊದಲು ಮಾಡಿದರು ಅಂತ ನಾನು ಹೇಳಲ್ಲ. ನಮ್ಮ ದೊಡ್ಡಾಟ ನೋಡಿದವರಿಗೆ ಗೊತ್ತು, ಪಾತ್ರಧಾರಿಯ ಮಾತು ಮುಗಿದು ಹಿಮ್ಮೇಳ ಎದ್ದಿತು ಅಂದರೆ ತೂಕಡಿಸುವ ಮುದುಕನೂ ಎದ್ದು ಕೂರುತ್ತಾನೆ. ಆದರೆ ಗಿಟಾರ್ ಹಾಡಿಗೆ ಇದನ್ನು ಇಷ್ಟು ಚೊಕ್ಕವಾಗಿ ಕತ್ತರಿಸಿ ಕೊಟ್ಟವರು ಇವರು. 1989ರ 'ಡೂಲಿಟಲ್' ಆಲ್ಬಮ್ ಕೇಳಿ, ಗೊತ್ತಾಗುತ್ತದೆ. ಅಮೆರಿಕದ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಅದು ತಲುಪಿದ್ದು 98ನೇ ಜಾಗ!

ಎರಡು ವರ್ಷ ಬಿಟ್ಟು, 1991ರ ಸೆಪ್ಟೆಂಬರ್‌ನಲ್ಲಿ ನಿರ್ವಾನಾದ 'ನೆವರ್‌ಮೈಂಡ್' ಬಂತು. ಅಮೆರಿಕದಲ್ಲಿ ಮೊದಲ ಲಾಟು ಬರೀ 46 ಸಾವಿರ ಚಿಲ್ಲರೆ ಪ್ರತಿ. ಕಂಪನಿಯವರಿಗೇ ನಂಬಿಕೆ ಇರಲಿಲ್ಲ ಅಂತ ಕಾಣುತ್ತದೆ. ಜನವರಿ ಹೊತ್ತಿಗೆ ಅದು ಮೈಕಲ್ ಜಾಕ್ಸನ್‌ನ ಆಲ್ಬಮ್ಮನ್ನು ಇಳಿಸಿ ಮೊದಲ ಜಾಗದಲ್ಲಿ ಕೂತಿತು. ಅದರ ದೊಡ್ಡ ಹಾಡು 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಯಾವ ಪ್ಯಾಟರ್ನು? ಚರಣ ಮೆಲ್ಲಗೆ, ಪಲ್ಲವಿ ಸಿಡಿಲು. ಇದು ನನ್ನ ಆರೋಪ ಅಲ್ಲ. ತಾನು ಪಿಕ್ಸೀಸ್ ತರದ ಹಾಡು ಬರೆಯಲು ಹೊರಟಿದ್ದೆ ಅಂತ ಕೊಬೇನೇ ಸಂದರ್ಶನದಲ್ಲಿ ಒಪ್ಪಿಕೊಂಡಿದ್ದಾನೆ. ಕದ್ದವನೇ ಇಷ್ಟು ಮರ್ಯಾದೆಯಿಂದ ಲೆಕ್ಕ ಕೊಟ್ಟ ಮೇಲೆ ಶಿಲ್ಲಾಂಗ್‌ನವನದು ಏನು ವಾದ?

ಕೊಬೇನ್ ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ಆಲ್ಬಮ್ಮಿಗೆ, 1993ರಲ್ಲಿ, ಪಿಕ್ಸೀಸ್‌ನ 'ಸರ್ಫರ್ ರೋಸಾ' ರೆಕಾರ್ಡ್ ಮಾಡಿದ್ದ ಸ್ಟೀವ್ ಅಲ್ಬಿನಿಯನ್ನೇ ಹಿಡಿದ. ಈ ಅಲ್ಬಿನಿ ನನಗೆ ಬಹಳ ಇಷ್ಟದ ಮನುಷ್ಯ. ರಾಯಲ್ಟಿ ಬೇಡ, ಪ್ಲಂಬರ್‌ಗೆ ಕೊಟ್ಟ ಹಾಗೆ ಮಾಡಿದ ಕೆಲಸಕ್ಕೆ ಕೂಲಿ ಕೊಡಿ ಸಾಕು ಅಂತ ನಿರ್ವಾನಾದವರಿಗೆ ಪತ್ರ ಬರೆದ. ಅಪ್ಪಟ ಜಾಬ್ ವರ್ಕ್! ಅಷ್ಟು ಮಾರಾಟವಾಗುವ ಬ್ಯಾಂಡಿನ ಹತ್ತಿರ ಪರ್ಸೆಂಟೇಜ್ ಬೇಡ ಅಂದವನನ್ನು ನಮ್ಮ ಮಾರ್ಕೆಟ್‌ನಲ್ಲಿ ಹುಚ್ಚ ಅಂತಿದ್ದರು. 2024ರಲ್ಲಿ ತೀರಿಕೊಂಡ. ಅವತ್ತು ನಾನು ಮಧ್ಯಾಹ್ನ ಕೆಲಸ ಬಿಟ್ಟು ಸುಮ್ನೆ ಕೂತಿದ್ದೆ.

ಈಗ ರೇಡಿಯೋಹೆಡ್. ಇಲ್ಲಿ ನನ್ನ ವಾದ ಸ್ವಲ್ಪ ಅಲುಗಾಡುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಕಡೆಯ ಇವರಿಗೆ ಹೆಸರು ತಂದ 'ಕ್ರೀಪ್' 1992ರದ್ದು, ಅದೂ ಅದೇ ರಟ್ಟಿನಲ್ಲಿ ಕತ್ತರಿಸಿದ್ದು. ಮೆಲ್ಲಗೆ ಹೋಗುವ ಹಾಡಿಗೆ ಪಲ್ಲವಿಯ ಮುಂಚೆ ಜಾನಿ ಗ್ರೀನ್‌ವುಡ್ ಗಿಟಾರನ್ನು ಕರ್ ಕರ್ ಅಂತ ಬಾರಿಸುತ್ತಾನೆ. ಹಾಡು ತೀರಾ ಸಪ್ಪೆ ಅನಿಸಿ ಅದನ್ನು ಕೆಡಿಸಲು ಹಾಗೆ ಮಾಡಿದನಂತೆ, ಅದೇ ಹಾಡಿನ ಜೀವ ಆಯಿತು. ಡ್ಯಾಮೇಜ್‌ಗೆ ರೇಟು ಜಾಸ್ತಿ ಅಂತ ಆಗಲೇ ಹೇಳಿದೆನಲ್ಲ.

ಆದರೆ ಇವರು 1997ರ 'ಓಕೆ ಕಂಪ್ಯೂಟರ್'ನಿಂದ ದೊಡ್ಡ ಹೆಸರು ಮಾಡಿ, 2000ದಲ್ಲಿ 'ಕಿಡ್ ಎ' ಎಂಬ ಆಲ್ಬಮ್ ತಂದರು. ಗಿಟಾರೆಲ್ಲ ಹಿಂದಕ್ಕೆ, ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಮುಂದಕ್ಕೆ. ಚೆನ್ನಾಗಿ ಓಡುತ್ತಿರುವ ಪ್ಯಾಟರ್ನನ್ನು ತಾವೇ ಹರಿದು ಬಿಸಾಡಿದರು. ನಾನು ಮೊದಲ ಸಲ ಕೇಳಿದಾಗ ಸಿಡಿ ಕೆಟ್ಟಿದೆ ಅಂದುಕೊಂಡೆ. ಕೋಲ್ಡ್‌ಪ್ಲೇ ತರದವರು ರೇಡಿಯೋಹೆಡ್‌ನ ಹಳೇ ದಾರಿ ಹಿಡಿದು ಸ್ಟೇಡಿಯಂ ತುಂಬಿಸಿದರು, ಇವರು ಆ ದಾರಿಗೆ ವಾಪಸ್ ಬರಲೇ ಇಲ್ಲ. 2007ರಲ್ಲಂತೂ 'ಇನ್ ರೇನ್‌ಬೋಸ್' ಆಲ್ಬಮ್ಮನ್ನು ಇಂಟರ್‌ನೆಟ್‌ಗೆ ಹಾಕಿ ನಿಮಗೆ ತಿಳಿದಷ್ಟು ಕೊಡಿ ಅಂದರು. ನಾವು ಹೀಗೆ ಮಾಡಿದರೆ ಮೂರನೇ ದಿನ ಶಟರ್ ಎಳೀಬೇಕು! ಗೆದ್ದ ಮೇಲೂ ಬದಲಾಗಬಹುದು ಅನ್ನುವ ಧೈರ್ಯ ಅವರು ಕೊಟ್ಟಿದ್ದು. ಮೆಚ್ಚಬೇಕು. ಆದರೆ ಧೈರ್ಯವನ್ನು ಕಾಪಿ ಮಾಡುವುದು ಕಷ್ಟ, ರಟ್ಟನ್ನು ಕಾಪಿ ಮಾಡುವುದು ಸುಲಭ. ಅದಕ್ಕೇ ನನ್ನ ಓಟು ಬದಲಾಗಿಲ್ಲ.

ಆರ್‌ಇಎಂ ಎಂಬ ಬ್ಯಾಂಡಿನ ಬಗ್ಗೆ ಯಾರೂ ಮಾತಾಡಲ್ಲ, ಪಾಪ. ಇವರಿಗೆಲ್ಲ ರಸ್ತೆ ಮಾಡಿಕೊಟ್ಟವರೇ ಅವರು. 1980ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಸಣ್ಣ ಊರಿನಿಂದ ಹೊರಟು, ಸಣ್ಣ ಸಣ್ಣ ಕ್ಲಬ್ಬು, ಕಾಲೇಜು ರೇಡಿಯೋ ಅಂತ ಅಲೆದು ಬೆಳೆದರು. ಯಾರು ಬರೆದರೂ ಹಾಡಿನ ಕೆಳಗೆ ನಾಲ್ವರ ಹೆಸರೂ ಹಾಕುತ್ತಿದ್ದರು. 2011ರಲ್ಲಿ ಕೂಗಾಟವಿಲ್ಲದೆ ಬ್ಯಾಂಡ್ ಮುಚ್ಚಿದರು. ಪಾರ್ಟ್‌ನರ್‌ಶಿಪ್‌ನಲ್ಲಿ ವ್ಯಾಪಾರ ಮಾಡಿದವರಿಗೆ ಇದು ಎಂಥ ಪವಾಡ ಅಂತ ಗೊತ್ತು. ಪಿಕ್ಸೀಸ್‌ನವರು 1993ರಲ್ಲಿ ಒಡೆದಾಗ ಇಬ್ಬರಿಗೆ ಫ್ಯಾಕ್ಸ್‌ನಲ್ಲಿ ಸುದ್ದಿ ಮುಟ್ಟಿತ್ತು. ಆ ವಿಷಯದಲ್ಲಿ ನಮ್ಮ ಮಾಸ್ಟರ್ ಸರಿ ಇರಲಿಲ್ಲ, ಒಪ್ಪುತ್ತೇನೆ.

ರೂಮ್‌ಮೇಟ್ ಹೇಳುವ ಒಂದು ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ನಿರ್ವಾನಾ ಗೆಲ್ಲದಿದ್ದರೆ ನಿನ್ನ ಪಿಕ್ಸೀಸ್ ಹೆಸರು ಬಳ್ಳಾರಿಗೆ ಬರ್ತಿತ್ತೇನೋ ಅಂತಾನೆ. ಬರ್ತಿರಲಿಲ್ಲ. ನಾನೂ ಲೇಬಲ್ ನೋಡಿಯೇ ಒಳಗೆ ಹೋದವನು.

ಮೊನ್ನೆ ಊಟದ ಹೊತ್ತಿಗೆ ಆ ಹುಡುಗನನ್ನು ಪಕ್ಕ ಕೂರಿಸಿಕೊಂಡು ಇಯರ್‌ಫೋನ್ ಕೊಟ್ಟೆ. ಮೊದಲು ಪಿಕ್ಸೀಸ್‌ನ 'ಗೌಜ್ ಅವೇ', ಆಮೇಲೆ ಅವನ ಟೀ ಶರ್ಟಿನವರದ್ದು. ಯಾರದು ಯಾವುದು ಅಂತ ಹೇಳಲಿಲ್ಲ. ರೊಟ್ಟಿ ಮುರೀತಾ ಮುರೀತಾ ಎರಡೂ ಪೂರ್ತಿ ಕೇಳಿದ. ಇಯರ್‌ಫೋನ್ ತೆಗೆದು, 'ಎರಡೂ ಒಬ್ರದೇ ಏನಣ್ಣ?' ಅಂದ.

ಅದನ್ನೇ ಇನ್ನೊಂದು ಸಲ ಹೇಳಿಸಿ, ರೆಕಾರ್ಡ್ ಮಾಡಿ ಶಿಲ್ಲಾಂಗ್‌ಗೆ ಕಳಿಸಿದೆ. ನೀಲಿ ಟಿಕ್ ಬಿದ್ದು ಎರಡು ದಿನ ಆಯಿತು. ಉತ್ತರ ಇಲ್ಲ.