ಸೇಂಟ್ ಲೂಯಿ ಸೇತುವೆ ಐಫೆಲ್ ಕಟ್ಟಿದ್ದಲ್ಲ, ತಪ್ಪು ನಂದೇ

ಸೆನೆಗಲ್‌ನ ಸೇಂಟ್ ಲೂಯಿಗೆ ಹೋಗ್‌ಬಂದ ಮೇಲೆ ಅಲ್ಲಿನ ಕಬ್ಬಿಣದ ಸೇತುವೆ ಫೋಟೋ ಹಾಕಿ "ಇದು ಐಫೆಲ್ ಟವರ್ ಕಟ್ಟಿದ ಗುಸ್ತಾವ್ ಐಫೆಲ್ ಕಟ್ಟಿದ್ದು, ಡ್ಯಾನ್ಯೂಬ್ ನದಿಗೆ ಮಾಡಿದ್ದು ಅಡ್ರೆಸ್ ತಪ್ಪಿ ಆಫ್ರಿಕಾಕ್ಕೆ ಬಂತು" ಅಂತ ಬರೆದಿದ್ದೆ. ಅದೀಗ ನಾನು ಇಲ್ಲದ ಗ್ರೂಪುಗಳಲ್ಲೂ ಓಡಾಡ್ತಿದೆ. ಎರಡೂ ತಪ್ಪು.

ಆ ಫೆಡೆರ್ಬ್ ಸೇತುವೆ 1897ರಲ್ಲಿ ಓಪನ್ ಆಗಿದ್ದು, ಕಟ್ಟಿದ್ದು ನೂಗಿಯೆ, ಕೆಸ್ಲರ್ ಅನ್ನೋ ಫ್ರೆಂಚ್ ಕಂಪನಿ. ಗೊಂದಲ ಎಲ್ಲಿಂದ ಬಂತು ಅಂದ್ರೆ ಈ ಎಮಿಲ್ ನೂಗಿಯೆ ಮೊದಲು ಐಫೆಲ್ ಹತ್ರಾನೇ ಎಂಜಿನಿಯರ್ ಆಗಿದ್ದೋರು, 1884ರಲ್ಲಿ ಟವರ್‌ನ ಮೊದಲ ನಕ್ಷೆ ಹಾಕಿದ ಇಬ್ಬರಲ್ಲಿ ಒಬ್ಬರು, ಆಮೇಲೆ ಬಿಟ್ಟು ಬಂದು ಸ್ವಂತ ಕಂಪನಿ ಮಾಡ್ಕೊಂಡ್ರು. ಹಾಗಾಗಿ ನೆಂಟಸ್ತಿಕೆ ಇದೆ, ಆದ್ರೆ ಕೆಲಸ ಐಫೆಲ್‌ದಲ್ಲ. ಡ್ಯಾನ್ಯೂಬ್ ಕಥೆ ಬರೀ ದಂತಕಥೆ, ಸೇತುವೆನ ಅದು ಈಗಿರೋ ಸೆನೆಗಲ್ ನದಿಗೇ ಅಂತ ಟೆಂಡರ್ ಕರೆದು ಮಾಡಿಸಿದ್ದು. ಕಥೆ ಚೆನ್ನಾಗಿತ್ತು ಅಂತ ನಾನೂ ಚೆಕ್ ಮಾಡ್ದೆ ನಂಬ್ಬಿಟ್ಟೆ.

ಸೇತುವೆ ಮಾತ್ರ ನಡ್ಕೊಂಡೇ ದಾಟಿ. ಅರ್ಧ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದ, ಸಾಲಾಗಿ ಕಬ್ಬಿಣದ ಕಮಾನು, ದಾಟಿದ್ರೆ ಹಳೇ ಊರಿರೋ ದ್ವೀಪ (2000ದಿಂದ ಯುನೆಸ್ಕೋ ಪಟ್ಟೀಲಿದೆ), ಇನ್ನೂ ಆಚೆ ಹೋದ್ರೆ ಗೆಟ್ ನ್ಡಾರ್ ಅನ್ನೋ ಮೀನುಗಾರರ ಕೇರಿ, ಮೈತುಂಬ ಬಣ್ಣ ಬಳ್ಕೊಂಡ ಮೀನು ದೋಣಿಗಳು ಒತ್ತೊತ್ತಾಗಿ ನಿಂತಿರ್ತವೆ, ಮೀನಿನ ವಾಸನೆ ಮೊದಲೇ ಬಂದು ದಾರಿ ತೋರ್ಸತ್ತೆ.

ಹಳೇ ಮೆಸೇಜ್ ಬಂದ್ರೆ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ, ಕಳ್ಸಿದೋರಿಗೆ ಇದನ್ನ ಹಾಕಿ.