ರಾಜಾಸೀಟ್‌ನಲ್ಲಿ ನಿಂತರೆ ಕೊಡಗು ಕಾಣುತ್ತಾ?

ಹುಟ್ಟಿದ್ದು ಮಡಿಕೇರಿ, ಹೊಟ್ಟೆಪಾಡು ಇಂಗ್ಲೆಂಡಿನಲ್ಲಿ. ರಜೆ ಸಿಕ್ಕಾಗ ಬಣ್ಣದ ಪೆಟ್ಟಿಗೆ ಹಿಡಿದು ಅಲ್ಲಿನ ಗುಡ್ಡ-ಸರೋವರಗಳ ಸೀಮೆ ಲೇಕ್ ಡಿಸ್ಟ್ರಿಕ್ಟ್ ಕಡೆ ಹೋಗುತ್ತೇನೆ. ಅಲ್ಲಿ ಯಾರದೋ ಹೊಲದ ನಡುವೆಯೇ ಕಾಲುದಾರಿ ಇರುತ್ತದೆ. ಕಂಬದ ಮೇಲೆ ಹಳದಿ ಬಾಣ. ಯಾರನ್ನೂ ಕೇಳದೆ ನಡೆಯಬಹುದು. ಊರಿನಲ್ಲಿ ಹಾಗೆ ಹೊರಟರೆ ಚಿಕ್ಕಪ್ಪ ಬಿಡಲ್ಲ. "ನಡ್ಕೊಂಡು ಯಾಕೋ? ಇರು, ಜೀಪಲ್ಲಿ ಬಿಡ್ತೀನಿ." ಬಿಡೋದು ಎಲ್ಲಿಗೆ? ರಾಜಾಸೀಟ್‌ನಂಥ ವ್ಯೂ ಪಾಯಿಂಟಿಗೆ.

ಈ ವ್ಯೂ ಪಾಯಿಂಟ್ ಗೀಳು ಹಳೆಯದು. 1778ರಲ್ಲೇ ಥಾಮಸ್ ವೆಸ್ಟ್ ಎಂಬಾತ ಲೇಕ್ ಡಿಸ್ಟ್ರಿಕ್ಟಿನಲ್ಲಿ ಎಲ್ಲೆಲ್ಲಿ ನಿಂತು ನೋಡಬೇಕು ಅಂತ ಬರೆದಿಟ್ಟ. ಆ ಜಾಗಗಳಿಗೆ ಸ್ಟೇಷನ್ ಅಂತಲೇ ಹೆಸರು. ಆ ಕಾಲದ ಪ್ರವಾಸಿಗರು ಗುಡ್ಡಕ್ಕೆ ಬೆನ್ನು ಹಾಕಿ ನಿಂತು, ಕ್ಲಾಡ್ ಗ್ಲಾಸ್ ಅನ್ನೋ ಕಪ್ಪು ಛಾಯೆಯ ಉಬ್ಬುಗನ್ನಡಿಯಲ್ಲಿ ಅದನ್ನು ನೋಡುತ್ತಿದ್ದರು. ಚಿತ್ರಕಾರ ಕ್ಲಾಡ್ ಲೊರೇನ್ ಬರೆದ ಹಾಗೆ ಕಾಣಬೇಕಲ್ಲ! ರಾಜಾಸೀಟ್‌ನಲ್ಲಿ ಸೆಲ್ಫಿ ತೆಗೆಯೋರನ್ನು ಸುಮ್ನೆ ಬೈಯುತ್ತೇವೆ.

ಲೇಕ್ ಡಿಸ್ಟ್ರಿಕ್ಟಿನಲ್ಲಿ ಹಾಗೆ ಒಂದೇ ಕಡೆ ನಿಂತು ನೋಡೋದಾದರೂ ನಡೆಯುತ್ತೆ. ಕುರಿ ಮೇದು ಬೋಳಾದ ಗುಡ್ಡ, ನಿಂತಲ್ಲೇ ಎಲ್ಲ ಕಾಣುತ್ತದೆ. ನಮ್ಮ ತೋಟದೊಳಗೆ ಹತ್ತು ಮಾರು ಆಚೆ ಏನೂ ಕಾಣಲ್ಲ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ತಿರುವು ದಾಟಿದರೆ ಥಟ್ಟಂತ ಗದ್ದೆ. ಕೊಡಗನ್ನು ನಿಂತು ಬರೆಯೋಕೆ ಆಗಲ್ಲ ಅಂತಲೇ ನನ್ನ ವಾದ. ಇದಕ್ಕೆ ಚೀನಾದವರ ಉದ್ದನೆಯ ಸುರುಳಿ ಚಿತ್ರವೇ ಸರಿ. ಅದನ್ನು ಗೋಡೆಗೆ ತೂಗುಹಾಕಿ ನೋಡೋದಲ್ಲ. ಬಲದಿಂದ ಎಡಕ್ಕೆ ಸ್ವಲ್ಪ ಸ್ವಲ್ಪವೇ ಬಿಚ್ಚುತ್ತಾ, ನೋಡಿದ್ದನ್ನು ಸುತ್ತುತ್ತಾ ಹೋಗಬೇಕು. ಮುಂದೇನಿದೆ ಅಂತ ಮೊದಲೇ ಗೊತ್ತಾಗಲ್ಲ.

ಹೋದ ಜುಲೈನಲ್ಲಿ ಚಿಕ್ಕಪ್ಪನ ಕಣ್ಣು ತಪ್ಪಿಸಿ ಕಕ್ಕಬ್ಬೆಯಿಂದ ನಾಲ್ಕುನಾಡು ಅರಮನೆ ಕಡೆ ನಡೆದೆ. ಕಾಲಿಗೆ ಜಿಗಣೆ. 1748 ಮೀಟರ್ ಎತ್ತರದ ತಡಿಯಂಡಮೋಳ್ ಮಂಜಿನಲ್ಲಿ ಪತ್ತೆಯೇ ಇಲ್ಲ. ದಾರಿ ಬದಿ ಕೂತು ಕಾಫಿ ಗಿಡದ ಹಸಿರು ಹಾಕಿದೆ. ಅರ್ಧ ಗಂಟೆಯಾದರೂ ಪೇಪರ್ ಒಣಗಲಿಲ್ಲ. ಹಸಿರು ಮೆಲ್ಲಗೆ ಆಕಾಶಕ್ಕೂ ಏರಿತು. ಇಂಗ್ಲೆಂಡಿನಲ್ಲಾಗಿದ್ದರೆ ಹರಿದು ಎಸೆಯುತ್ತಿದ್ದೆ. ಇಲ್ಲಿ ಎದುರಿಗಿದ್ದದ್ದೂ ಹಾಗೇ ಇತ್ತು.

ಕೊಡೆ ಹಿಡಿದು ಬಂದ ಅಜ್ಜರೊಬ್ಬರು ಬಗ್ಗಿ ನೋಡಿದರು.

"ಬೆಟ್ಟ ಎಲ್ಲಿ?"

"ಕಾಣ್ತಿಲ್ವಲ್ಲ ಅಜ್ಜ."

"ಇಲ್ಲೇ ಕೂತ್ರೆ ಹೇಗೆ ಕಾಣುತ್ತೆ? ಮೋರಿ ದಾಟಿ ಬನ್ನಿ."

ಬಣ್ಣ ಹರಿಯದ ಹಾಗೆ ಬೋರ್ಡನ್ನು ತಟ್ಟೆಯಂತೆ ಹಿಡಿದು ಅವರ ಹಿಂದೆ ಹೊರಟೆ.