ಮೇಲಿನಿಂದ ಕೆಳಕ್ಕೆ ಜವಾಬ್ದಾರಿ

ಸೋಮವಾರ ಪ್ರೈಮರಿ ಶಾಲೆಯಿಂದ ಮನೆಗೊಂದು ಹಾಳೆ ಬರುತ್ತದೆ. ತಲೆಬರಹ 'ಈ ವಾರದ ಕಲಿಕೆ ಮತ್ತು ಮನೆಗೆಲಸ'. ಎಡಕ್ಕೆ ದಿನಗಳು, ಬಲಕ್ಕೆ ಪೋಷಕರ ಸಹಿಗೆ ಚೌಕ. ನಡುವೆ ಜಾಗ ಉಳಿದರೆ ಮಗು. ಕಚೇರಿಯಲ್ಲಿ ಕಡತ ಕಂಡವರಿಗೆ ಇದರ ಓಡಾಟ ಬಿಡಿಸಿ ಹೇಳಬೇಕಿಲ್ಲ. ಮೇಲಿನಿಂದ ಬಂದದ್ದು ಸಹಿಯಾಗಿ ಮೇಲಕ್ಕೇ ಹೋಗಬೇಕು. ಹೊತ್ತು ತಿರುಗುವ ಜವಾನನಿಗೆ ಏಳು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿವೆ.

ಮೊದಲ ಬಾಬತ್ತು, ಹತ್ತು ಪದಗಳನ್ನು ಹತ್ತತ್ತು ಸಲ ಬರೆಯುವುದು. ಪಟ್ಟಿಯಲ್ಲಿ 'ಜವಾಬ್ದಾರಿ' ಇದೆ ಎಂದಿಟ್ಟುಕೊಳ್ಳಿ. ಮಗು ಅದನ್ನು ಹತ್ತು ಸಲ ಬರೆಯುತ್ತದೆ, ಬರೆದೂ ಬರೆದೂ ಕೈಗೆ ಹತ್ತುತ್ತದೆ ಎಂದು ದೊಡ್ಡವರ ನಂಬಿಕೆ. ಮಗು ಅಷ್ಟು ದಡ್ಡ ಅಲ್ಲ. ಎಡ ಅಂಚಿನಲ್ಲಿ ಜ, ಜ, ಜ ಎಂದು ಹತ್ತು ಸಾಲು ಸರಸರ ಇಳಿಯುತ್ತದೆ. ಅದರ ಪಕ್ಕ ಹತ್ತು ವಾ, ಆಮೇಲೆ ಹತ್ತು ಬಾ, ಕಡೆಗೆ ಹತ್ತು ರಿ. ಎಲ್ಲ ಮುಗಿದ ಮೇಲೆ ದ ಒತ್ತು ನೆನಪಾಗಿ, ಬಾಗಳ ಬುಡಕ್ಕೆ ಒಂದೊಂದಾಗಿ ತೂಗುಬೀಳುತ್ತದೆ. ಏಳನೆಯದಕ್ಕೆ ಮರೆತುಹೋಗುತ್ತದೆ. ಹೀಗೆ ಪುಟ ತುಂಬಿತು. ಪದವನ್ನು ಪದವಾಗಿ ಒಮ್ಮೆಯೂ ಬರೆದದ್ದಿಲ್ಲ.

ಅಡ್ಡಸಾಲಿನಲ್ಲೇ ಬರೆಯುವ ವಿಧೇಯ ಮಕ್ಕಳೂ ಇದ್ದಾರೆ. ಅವರಿಗೆ ಎರಡನೆಯ ಸಾಲಿನಿಂದ ಮಾದರಿ ಪಟ್ಟಿಯಲ್ಲ, ಮೇಲಿನ ಸಾಲು. ಮೇಲಿನದು ತಪ್ಪಿದರೆ ಕೆಳಗಿನ ಒಂಬತ್ತೂ ಅದಕ್ಕೇ ನಿಷ್ಠವಾಗಿರುತ್ತವೆ. (ಮುಂದೆ ದೊಡ್ಡ ಕಚೇರಿ ಸೇರುವವರಿಗೆ ಇದು ಒಳ್ಳೆಯ ತರಬೇತಿ, ನಿಜ.)

ಬೇರೆ ದಾರಿ ಇಲ್ಲವೆಂದಲ್ಲ. ಪದವನ್ನು ನೋಡುವುದು, ಕಾಗದದಿಂದ ಮುಚ್ಚುವುದು, ನೆನಪಿನಿಂದ ಬರೆಯುವುದು, ತೆರೆದು ಅಕ್ಷರಕ್ಕೆ ಅಕ್ಷರ ತಾಳೆ ನೋಡುವುದು. ಸೋಮವಾರ ಒಮ್ಮೆ, ಬುಧವಾರ ಒಮ್ಮೆ, ಮುಂದಿನ ವಾರ ಮತ್ತೊಮ್ಮೆ. ಮುಚ್ಚಿದಾಗ ಮನಸ್ಸು ತಡಕಾಡುತ್ತದಲ್ಲ, ಕಲಿಕೆ ನಡೆಯುವುದು ಅಲ್ಲಿ. ಆದರೆ ಈ ವಿಧಾನಕ್ಕೆ ಒಂದು ದೊಡ್ಡ ದೋಷವಿದೆ. ಹಾಳೆ ಬೋಳುಬೋಳಾಗಿ ಕಾಣುತ್ತದೆ. ಬೋಳು ಹಾಳೆಗೆ ಯಾರು ಸಹಿ ಹಾಕುತ್ತಾರೆ?

ಶುಕ್ರವಾರ ಉಕ್ತಲೇಖನ. ಗುರುವಾರ ರಾತ್ರಿ ಒಂದೇ ಉಸಿರಿಗೆ ಉರು ಹೊಡೆದು, ಹತ್ತಕ್ಕೆ ಹತ್ತು. ಎಷ್ಟೋ ಮಕ್ಕಳು ಪದಗಳ ಜೊತೆ ಅವುಗಳ ಕ್ರಮವನ್ನೂ ಬಾಯಿಪಾಠ ಮಾಡಿರುತ್ತಾರೆ. ಕೆಳಗಿನಿಂದ ಮೇಲಕ್ಕೆ ಹೇಳಿ ನೋಡಿ, ಕೋಟೆ ಕುಸಿಯುತ್ತದೆ. ಮುಂದಿನ ವಾರದ ಪ್ರಬಂಧದಲ್ಲಿ ಅದೇ ಪದ 'ಜವಬ್ದಾರಿ' ಆಗಿ ಅವತರಿಸುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಲಿಗೆ ದಡದಡ, ಆಮೇಲೆ ನಿಧಾನ ಎಂದೂ, ದಿನಗಳ ಮೇಲೆ ಹರಡಿ ಕಲಿತದ್ದು ಹೆಚ್ಚು ನಿಲ್ಲುತ್ತದೆ ಎಂದೂ 1885ರಲ್ಲೇ ಬರೆದಿಟ್ಟ. ಹಿಂದಿನ ರಾತ್ರಿ ಉರು, ಮರುದಿನ ಪರೀಕ್ಷೆ, ಆಮೇಲೆ ಆ ಪದದ ಸುದ್ದಿಯೇ ಬೇಡ ಎಂಬ ಈ ಏರ್ಪಾಡು ನೋಡಿದರೆ, ನಾವು ಅವನನ್ನು ಓದಿಲ್ಲವೆಂದು ಹೇಳಲಾಗದು. ಓದಿಕೊಂಡೇ ಮಾಡಿದಂತಿದೆ.

ಗಣಿತಕ್ಕೆ ಇಪ್ಪತ್ತು ವ್ಯವಕಲನ. 52ರಲ್ಲಿ 27 ಕಳೆಯಬೇಕು. ಎರಡರಲ್ಲಿ ಏಳು ಹೋಗುವುದಿಲ್ಲ, ಆದರೆ ಏಳರಲ್ಲಿ ಎರಡು ಧಾರಾಳ ಹೋಗುತ್ತದೆ. ಐದು. ಪಕ್ಕದಲ್ಲಿ ಐದರಲ್ಲಿ ಎರಡು ಹೋದರೆ ಮೂರು. ಉತ್ತರ 35. ಮಗುವಿನ ತಪ್ಪಲ್ಲ, 'ದೊಡ್ಡದರಿಂದ ಚಿಕ್ಕದನ್ನು ಕಳೆ' ಎಂದು ಹಿಂದಿನ ವರ್ಷ ನಾವೇ ಹೇಳಿಕೊಟ್ಟದ್ದು. ಈಗ ಅದೇ ತಪ್ಪನ್ನು ಇಪ್ಪತ್ತು ಸಲ ಅಭ್ಯಾಸ ಮಾಡಿ ಗಟ್ಟಿ ಮಾಡಿಕೊಳ್ಳುತ್ತದೆ. ನಡುವೆ ಅಪ್ಪ ಬಂದು "ಪಕ್ಕದ ಮನೆಯಿಂದ ಸಾಲ ತಗೋ" ಎನ್ನುತ್ತಾರೆ. "ಮಿಸ್ ಹಂಗೆ ಹೇಳ್ಕೊಟ್ಟಿಲ್ಲ, ದಶಕ ಬಿಡಿಸ್ಬೇಕು" ಎಂದು ಮಗು. ಎರಡೂ ಒಂದೇ ಲೆಕ್ಕ ಎಂಬುದು ಇಬ್ಬರಿಗೂ ಗೊತ್ತಾಗದೆ ಮನೆಯಲ್ಲಿ ಶಾಂತಿ ಕದಡುತ್ತದೆ. ಮೊದಲ ಎರಡು ಲೆಕ್ಕ ನೋಡಿ, ಸರಿಯಿದ್ದರೆ ಇನ್ನೆರಡು ಮಾಡಿಸಿ ಬಿಡಬಹುದು. ತಪ್ಪಿದ್ದರೆ ಉಳಿದ ಹದಿನೆಂಟು ಮಾಡಿಸಲೇಬಾರದು. ಎರಡು ಸಂದರ್ಭದಲ್ಲೂ ಚೌಕಗಳು ಖಾಲಿ ಉಳಿಯುತ್ತವೆ, ಆದ್ದರಿಂದ ಎರಡೂ ಸಾಧ್ಯವಿಲ್ಲ.

ಮಗ್ಗಿಯದೂ ಇದೇ ಕತೆ. ಏಳೆಂಟ್ಲ ಎಷ್ಟು ಎಂದರೆ ಏಳೊಂದ್ಲ ಏಳರಿಂದ ರಾಗ ಶುರುವಾಗುತ್ತದೆ. ಹತ್ತರವರೆಗಿನ ನೂರು ಗುಣಾಕಾರದಲ್ಲಿ 1, 2, 5, 10ರವು ಸುಲಭ. ಅವನ್ನು ಬಿಟ್ಟು, 7×8 ಮತ್ತು 8×7 ಒಂದೇ ಎಂದು ತಿಳಿದರೆ, ನಿಜಕ್ಕೂ ಕಲಿಯಬೇಕಾದದ್ದು 21. ಈ ಗುಟ್ಟನ್ನು ಮಕ್ಕಳಿಂದ ಜೋಪಾನವಾಗಿ ಕಾಪಾಡಿಕೊಂಡು ಬರಲಾಗಿದೆ.

ಓದಿನ ದಾಖಲೆ ಪುಸ್ತಕ ಇನ್ನೂ ಸೊಗಸು. ದಿನಕ್ಕೆ 20 ನಿಮಿಷ ಓದು, ಕೆಳಗೆ ಪೋಷಕರ ಸಹಿ. ಇದನ್ನು ತುಂಬುವುದು ಗುರುವಾರ ರಾತ್ರಿ, ನಾಲ್ಕೂ ದಿನದ್ದು ಒಟ್ಟಿಗೆ. ಅನುಭವಸ್ಥರು ಎಲ್ಲಾ ಸಾಲಿಗೂ 20 ಎಂದು ಬರೆಯುವುದಿಲ್ಲ. 18, 22, 20, 25 ಎಂದು ಬರೆದು ಪೆನ್ನೂ ಬದಲಿಸುತ್ತಾರೆ. ತನ್ನಷ್ಟಕ್ಕೆ ಓದುತ್ತಿದ್ದ ಮಗು ಮಾತ್ರ ಗಡಿಯಾರ ನೋಡಿ, ಇಪ್ಪತ್ತಾಯಿತೆಂದು ಕತೆಯ ನಡುವೆ ಪುಸ್ತಕ ಮುಚ್ಚುವುದನ್ನು ಕಲಿಯುತ್ತದೆ.

ಅಮೆರಿಕದಲ್ಲಿ ದಿನದ ಮನೆಗೆಲಸಕ್ಕೆ ತರಗತಿಗೆ ಹತ್ತು ನಿಮಿಷ ಎಂಬ ಸೂತ್ರವಿದೆ: ಒಂದನೆಯ ತರಗತಿಗೆ ಹತ್ತು, ಐದಕ್ಕೆ ಐವತ್ತು. ಪೆನ್ಸಿಲ್ ಚೂಪು ಮಾಡುವುದು ಯಾವ ಲೆಕ್ಕಕ್ಕೆ ಎಂದು ಸೂತ್ರ ಹೇಳುವುದಿಲ್ಲ. ಮನೆಗೆಲಸದ ಅಧ್ಯಯನಗಳನ್ನೆಲ್ಲ ಸಂಗಡಿಗರೊಂದಿಗೆ ಜಾಲಾಡಿ 2006ರಲ್ಲಿ ಪ್ರಕಟಿಸಿದ ಅಲ್ಲಿನ ಮನಶ್ಶಾಸ್ತ್ರಜ್ಞ ಹ್ಯಾರಿಸ್ ಕೂಪರ್, ಕಿರಿಯ ತರಗತಿಗಳಲ್ಲಿ ಮನೆಗೆಲಸಕ್ಕೂ ಅಂಕಕ್ಕೂ ಇರುವ ನಂಟು ತೀರಾ ಬಡಕಲು ಎಂದು ಕಂಡ. ಆ ವರದಿಗೆ ಪೋಷಕರ ಸಹಿ ಇರಲಿಲ್ಲವೇನೋ, ಯಾರೂ ಗಮನಿಸಲಿಲ್ಲ.

ಇನ್ನು ಪ್ರಾಜೆಕ್ಟ್. ಜ್ವಾಲಾಮುಖಿಯ ಮಾದರಿ, ಸೋಮವಾರ ತರಬೇಕು. ವಿಷಯ ಮನೆಗೆ ತಿಳಿಯುವುದು ಭಾನುವಾರ ರಾತ್ರಿ ಒಂಬತ್ತಕ್ಕೆ, ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಇತರರ ಜ್ವಾಲಾಮುಖಿಗಳು ಏಳತೊಡಗಿದಾಗ. ಬಾಟಲಿಯ ಸುತ್ತ ಅಂಟಿನಲ್ಲಿ ಅದ್ದಿದ ಪತ್ರಿಕೆಯ ಪಟ್ಟಿಗಳನ್ನು ಮೂರ್ನಾಲ್ಕು ಪದರ ಸುತ್ತಬೇಕು, ಒಣಗಲು ಒಂದು ಇಡೀ ದಿನ ಬೇಕು. ಇರುವುದು ಹತ್ತು ಗಂಟೆ, ಒಂದು ಹೇರ್ ಡ್ರೈಯರ್. ಒಳಗೆ ಎರಡು ಚಮಚ ಅಡುಗೆ ಸೋಡಾ, ನೊರೆ ನಿಲ್ಲಲು ಎರಡು ಹನಿ ಪಾತ್ರೆ ತೊಳೆಯುವ ದ್ರವ, ಕೆಂಪು ಬಣ್ಣ, ಕೊನೆಗೆ ಅರ್ಧ ಲೋಟ ವಿನೆಗರ್ ಒಮ್ಮೆಲೇ. ಬಾಯಿ ಅಗಲವಿದ್ದರೆ ನೊರೆ ಉಕ್ಕದೆ ಒಳಗೇ ಬುಸುಗುಡುತ್ತದೆ. ವಿನೆಗರನ್ನು ಹನಿಹನಿಯಾಗಿ ಸುರಿದರೂ ಅಷ್ಟೆ. ರಾತ್ರಿಯೇ ಪರೀಕ್ಷೆ ಮಾಡಿ ನೋಡಿದ ಮನೆಗಳಲ್ಲಿ ಬೆಳಿಗ್ಗೆಗೆ ಬೆಟ್ಟದ ಬುಡ ಕರಗಿರುತ್ತದೆ. ನಿಜವಾದ ಜ್ವಾಲಾಮುಖಿ ಉಕ್ಕಲು ವಿನೆಗರೂ ಬೇಕಿಲ್ಲ, ಸೋಡಾವೂ ಬೇಕಿಲ್ಲ. ಶಿಲಾರಸ ಮೇಲೇರಿದಂತೆ ಒತ್ತಡ ಇಳಿದು, ಅದರಲ್ಲಿ ಕರಗಿದ್ದ ಅನಿಲ ಗುಳ್ಳೆಗಟ್ಟಿ ಉಕ್ಕುತ್ತದೆ. ಕುಲುಕಿದ ಸೋಡಾ ಬಾಟಲಿಯ ಮುಚ್ಚಳ ತೆಗೆದರೆ ಅದನ್ನು ಅರ್ಧ ನಿಮಿಷದಲ್ಲಿ ತೋರಿಸಬಹುದು. ಆದರೆ ಅದಕ್ಕೆ ಗ್ರೇಡ್ ಕೊಡುವುದು ಹೇಗೆ? ಮಗುವಿನ ಪಾಲಿಗೆ ಬಂದದ್ದು ಅಂಟಿನ ಮುಚ್ಚಳ ಹಿಡಿದುಕೊಳ್ಳುವ ಕೆಲಸ.

ಶುಕ್ರವಾರ ಹಾಳೆಗಳೆಲ್ಲ ಶಾಲೆಗೆ ಮರಳುತ್ತವೆ. ತರಗತಿಯಲ್ಲಿ 40 ಮಕ್ಕಳಿದ್ದರೆ, ಒಂದೊಂದಕ್ಕೆ ಒಂದೇ ನಿಮಿಷ ಎಂದರೂ ಒಂದು ಪೀರಿಯಡ್ ಪೂರ್ತಿ ಮುಗಿಯಿತು. ಒಂದು ನಿಮಿಷದಲ್ಲಿ ಯಾವ ಟೀಚರ್ ನೂರು ಪದ ಓದಿಯಾರು? ಪುಟ ತುಂಬಿದೆಯೇ, ಸಹಿ ಇದೆಯೇ ಎಂದಷ್ಟೇ ನೋಡಿ, ಕೆಂಪು ಪೆನ್ನಿನಲ್ಲಿ ಮೂಲೆಯಿಂದ ಮೂಲೆಗೆ ಒಂದು ಗೀಟು, 'ಗುಡ್', ಪಕ್ಕದಲ್ಲಿ ಒಂದು ನಕ್ಷತ್ರ. ಏಳನೆಯ ಜವಾಬಾರಿ ಆ ನಕ್ಷತ್ರದ ಅಡಿಯಲ್ಲೇ ಇದೆ. ಬಲಗಡೆ ಅಪ್ಪನ ಸಹಿ.